ಬಣ್ಣದ ಶಾಯಿ ಯಾವ ಹಾಳೆಯಲ್ಲಿ ನಿಲ್ಲುತ್ತದೆ: ಮನೆಯಲ್ಲೇ ಪರೀಕ್ಷಿಸುವ ಕ್ರಮ

ಇಂಕ್ ಪೆನ್ನಿಗೆ ಬಣ್ಣದ ಶಾಯಿ ತರಿಸಿಕೊಂಡವರಿಂದ ನಾನು ಕೇಳುವ ದೂರುಗಳು ಮೂರೇ ಮೂರು. ಸೀಸೆಯ ಮೇಲೆ ನವಿಲುಗರಿಯಂತಿದ್ದ ಬಣ್ಣ ನೋಟ್‌ಬುಕ್ಕಿನಲ್ಲಿ ಪಾಚಿಯಂತೆ ಮಂಕಾಯಿತು. ಅಕ್ಷರದ ಅಂಚು ಒಡೆದು ಹರಡಿತು. ಹಿಂಬದಿಯ ಪುಟ ಬರೆಯಲು ಬಾರದಂತಾಯಿತು. ಮೂರಕ್ಕೂ ಶಾಯಿಯನ್ನೇ ಬೈದು, ಸೀಸೆಯನ್ನು ಕಪಾಟಿನ ಮೂಲೆಗೆ ತಳ್ಳಿ, ಇನ್ನೊಂದನ್ನು ತರಿಸುತ್ತಾರೆ. ಅದರದೂ ಅದೇ ಗತಿ.

ಕಳೆದ ಮಳೆಗಾಲದಲ್ಲಿ ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರು ಚಿಕ್ಕಮಗಳೂರಿಗೆ ಬಂದಾಗ ತಮ್ಮ ಹಾಜರಿ ಪುಸ್ತಕವನ್ನು ತಂದು ತೋರಿಸಿದರು. ಹಸಿರು ಬೆರೆತ ನೀಲಿ ಶಾಯಿ. ಜುಲೈ ತಿಂಗಳ ಪುಟದಲ್ಲಿ 6 ಯಾವುದು, 8 ಯಾವುದು ಎಂದು ಅವರಿಗೇ ತಿಳಿಯುತ್ತಿರಲಿಲ್ಲ. ಸುತ್ತುಗಳೆಲ್ಲ ತುಂಬಿ ಬೊಟ್ಟುಗಳಾಗಿದ್ದವು. ನಾನು ಪುಸ್ತಕವನ್ನು ಹಿಂದಕ್ಕೆ ತಿರುವಿ ಜನವರಿಯ ಪುಟ ತೆರೆದೆ. ಅದೇ ಪುಸ್ತಕ, ಅದೇ ಪೆನ್ನು, ಅದೇ ಶಾಯಿ; ಅಂಕಿಗಳು ಮುದ್ರಿಸಿದ ಹಾಗೆ ನಿಚ್ಚಳವಾಗಿದ್ದವು. ನಡುವೆ ಬದಲಾಗಿದ್ದು ಹವೆ ಒಂದೇ.

ಶಾಯಿಯೊಂದನ್ನೇ ಬೇರೆ ತೆಗೆದು ಪರೀಕ್ಷಿಸಲು ಬರುವುದಿಲ್ಲ. ಶಾಯಿ, ನಿಬ್ಬು, ಹಾಳೆ, ಹವೆ ಈ ನಾಲ್ಕೂ ಕೂಡಿದಾಗಲೇ ಅಕ್ಷರ ಮೂಡುತ್ತದೆ. ಮೂರನ್ನು ಅಲುಗದಂತೆ ಇಟ್ಟು ಒಂದನ್ನು ಮಾತ್ರ ಬದಲಿಸುತ್ತಾ ಹೋದರೆ ತಪ್ಪು ಯಾರದು ಎಂದು ಗೊತ್ತಾಗುತ್ತದೆ. ಕೆಳಗಿನ ಹಂತಗಳ ಅನುಕ್ರಮ ಅದಕ್ಕಾಗಿಯೇ ಇದೆ. ದಯವಿಟ್ಟು ಹಿಂದುಮುಂದು ಮಾಡಬೇಡಿ.

## ನಾಲ್ಕು ದೋಷಗಳನ್ನು ಬೇರೆಬೇರೆಯಾಗಿ ಗುರುತಿಸಿ

‘ಶಾಯಿ ಹರಡುತ್ತದೆ’ ಎಂಬ ಒಂದೇ ಮಾತಿನಲ್ಲಿ ನಾವು ನಾಲ್ಕು ಸಂಗತಿಗಳನ್ನು ಕಲಸಿಬಿಡುತ್ತೇವೆ. ಎಲ್ಲದರ ಕಾರಣವೂ ಒಂದೇ ಅಲ್ಲ, ಪರಿಹಾರವೂ ಒಂದೇ ಅಲ್ಲ.

ಗೆರೆಯ ಅಂಚಿನಿಂದ ಕೂದಲಿನಂಥ ಎಳೆಗಳು ಹೊರಟರೆ ಅದು ಬೇರು ಬಿಡುವುದು. ಎಳೆಗಳಿಲ್ಲದೆ ಗೆರೆಯೇ ನಿಬ್ಬಿನ ಅಗಲಕ್ಕಿಂತ ದಪ್ಪವಾದರೆ ಅದು ಉಬ್ಬುವುದು. ಹಾಳೆ ತಿರುವಿದಾಗ ಬರಹ ಮಸುಕಾಗಿ ಕಂಡರೂ ಶಾಯಿ ಆಚೆಗೆ ಬಂದಿರದಿದ್ದರೆ ಅದು ನೆರಳು. ಶಾಯಿಯೇ ಚುಕ್ಕೆಚುಕ್ಕೆಯಾಗಿ ಹಿಂಬದಿಗೆ ತಲುಪಿದ್ದರೆ ಅದು ಇಳಿಯುವುದು. ನೆರಳು ಹಾಳೆಯ ತೆಳುವಿನಿಂದ ಬರುತ್ತದೆ. ಅದಕ್ಕೆ ಶಾಯಿ ಬದಲಿಸಿ ಪ್ರಯೋಜನವಿಲ್ಲ. ಬೇರು, ಉಬ್ಬು, ಇಳಿತ ಹಾಳೆಯ ಹೀರುವಿಕೆಯಿಂದ ಬರುತ್ತವೆ. ಅಲ್ಲಿ ಶಾಯಿ, ನಿಬ್ಬು, ಹವೆ ಮೂರಕ್ಕೂ ಪಾಲಿದೆ.

## ಬೇಕಾಗುವ ಸಾಮಾನು

ಒಂದೇ ಒಂದು ಪೆನ್ನು ಸಾಕು. ಸ್ಟೀಲ್ ನಿಬ್ಬಿನ, ನೀವು ದಿನವೂ ಬರೆಯುವ ಪೆನ್ನೇ ಆಗಲಿ. ಸೂಜಿಯ ತುದಿ ಮೊಂಡಾಗಿರುವ 5 ಮಿಲಿ ಸಿರಿಂಜ್, ಒತ್ತುಹಾಳೆ ಅಂದರೆ ಬ್ಲಾಟಿಂಗ್ ಪೇಪರ್, ಹಳೆಯ ಹತ್ತಿ ಸೀರೆಯ ತುಂಡು, ಒಂದು ಲೋಟ ನೀರು, ಸೆಕೆಂಡು ತೋರಿಸುವ ಗಡಿಯಾರ ಅಥವಾ ಮೊಬೈಲ್, ಅಂಚೆಚೀಟಿ ಸಂಗ್ರಹಿಸುವವರು ಬಳಸುವಂಥ ಭೂತಗನ್ನಡಿ, ಅಡುಗೆಮನೆಯ ಡಿಜಿಟಲ್ ತಕ್ಕಡಿ. ಗುರುತು ಹಾಕಲು ಪೆನ್ಸಿಲ್ ಇಟ್ಟುಕೊಳ್ಳಿ. ನೀರಿಗೆ ಕದಡುವ ಶಾಯಿಯಲ್ಲಿ ಗುರುತು ಹಾಕಿದರೆ ನೀರಿನ ಪರೀಕ್ಷೆಯ ಹೊತ್ತಿಗೆ ಯಾವ ಕಲೆ ಯಾವುದರದ್ದು ಎಂಬ ಗೊಂದಲವಾಗುತ್ತದೆ.

ಹತ್ತಿಕಡ್ಡಿ ಅಂದರೆ ಕಾಟನ್ ಬಡ್‌ ಅನ್ನು ನಾನು ಈ ಪಟ್ಟಿಯಲ್ಲಿ ಬೇಕೆಂದೇ ಸೇರಿಸಿಲ್ಲ. ಕಡ್ಡಿ ಅದ್ದಿ ಹಾಳೆಯ ಮೇಲೆ ಬಳಿದರೆ ಬಣ್ಣ ಚೆಲುವಾಗಿ ಕಾಣುತ್ತದೆ ನಿಜ. ಆದರೆ ನಿಬ್ಬು ಬಿಡುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚು ಶಾಯಿಯನ್ನು ಕಡ್ಡಿ ಸುರಿಯುತ್ತದೆ. ಕೊಳ್ಳುವವರು ಹೆಚ್ಚಾಗಿ ಮೋಸಹೋಗುವುದು ಇಂಥ ಬಳಿದ ಪಟ್ಟೆಗಳ ಫೋಟೊ ನೋಡಿಯೇ.

## ಹಂತ 1: ಹಾಳೆಗಳನ್ನು ಆರಿಸಿ

ನೀವು ನಿಜವಾಗಿ ಬರೆಯುವ ಹಾಳೆಗಳನ್ನೇ ತೆಗೆದುಕೊಳ್ಳಿ. ನನ್ನ ಮೇಜಿನ ಮೇಲೆ ಸಾಮಾನ್ಯವಾಗಿ ಇರುವವು ಆರು: 75 ಜಿಎಸ್‌ಎಂ ಜೆರಾಕ್ಸ್ ಹಾಳೆ, ಶಾಲಾ ಮಕ್ಕಳ ಉದ್ದನೆಯ ಗೆರೆ ನೋಟ್‌ಬುಕ್, ಲೆಕ್ಕದ ಲೆಡ್ಜರ್ ಹಾಳೆ, ಬಾಂಡ್ ಪೇಪರ್, ಅಂಚೆ ಕಾರ್ಡು, ಇಂಕ್ ಪೆನ್ನಿಗೆಂದೇ ಮಾಡಿದ ಯಾವುದಾದರೂ ಒಂದು ಹಾಳೆ. ಕೊನೆಯದು ಅಳತೆಗೋಲು. ಅದರ ಮೇಲೂ ಶಾಯಿ ಕೆಟ್ಟದಾಗಿ ನಡೆದುಕೊಂಡರೆ ತಪ್ಪು ಪೆನ್ನಿನದೋ ಶಾಯಿಯದೋ ಇರಬೇಕು.

ಜಿಎಸ್‌ಎಂ ನೋಡಿ ಹಾಳೆ ಕೊಳ್ಳುವುದು ಬಹಳ ಸಾಮಾನ್ಯವಾದ ತಪ್ಪು. ಅದು ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ, ಅಷ್ಟೆ. ಜಪಾನಿನ ಟೊಮೊಯೆ ರಿವರ್ ಹಾಳೆ 52 ಜಿಎಸ್‌ಎಂ. ಬೆಳಕಿಗೆ ಹಿಡಿದರೆ ಆಚೆಗಿರುವ ಬೆರಳು ಕಾಣುವಷ್ಟು ತೆಳು. ಆದರೂ ಶಾಯಿ ಅದರಲ್ಲಿ ಬೇರು ಬಿಡುವುದಿಲ್ಲ. 100 ಜಿಎಸ್‌ಎಂ ಎಂದು ಬರೆದುಕೊಂಡ ದಪ್ಪನೆಯ ಡೈರಿ ಹಾಳೆ ಒತ್ತುಹಾಳೆಯಂತೆ ಶಾಯಿ ಕುಡಿಯುವುದನ್ನೂ ಕಂಡಿದ್ದೇನೆ.

ವ್ಯತ್ಯಾಸ ಇರುವುದು ಗಂಜಿಯಲ್ಲಿ. ಕಾಗದದ ಕಾರ್ಖಾನೆಯಲ್ಲಿ ನಾರಿನ ಒಳಗೆ ನೀರು ತಡೆಯುವ ಪದಾರ್ಥ ಬೆರೆಸುತ್ತಾರೆ, ಮೇಲ್ಮೈಗೆ ಪಿಷ್ಟದ ಲೇಪ ಕೊಡುತ್ತಾರೆ. ಇದಕ್ಕೆ ಸೈಜಿಂಗ್ ಎಂದು ಹೆಸರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಪಂಚೆಯ ಮೇಲೆ ನೀರಿನ ಹನಿ ಕ್ಷಣ ಹೊತ್ತು ನಿಂತು ಆಮೇಲೆ ಇಳಿಯುವುದನ್ನು ನೋಡಿದ್ದೀರಲ್ಲ, ಹಾಳೆಯಲ್ಲೂ ಹಾಗೆಯೇ. ಗಂಜಿ ಕಡಿಮೆಯಾದರೆ ನಾರಿನ ಸಂದಿಗಳು ಶಾಯಿಯನ್ನು ಬತ್ತಿಯಂತೆ ಎಳೆದುಕೊಳ್ಳುತ್ತವೆ. ಜೆರಾಕ್ಸ್ ಹಾಳೆಯನ್ನು ಒಣ ಟೋನರ್ ಪುಡಿಗಾಗಿ ತಯಾರಿಸುತ್ತಾರೆ. ದ್ರವ ಶಾಯಿ ನಿಲ್ಲಿಸುವುದು ಅದರ ಮೊದಲ ಕೆಲಸವಲ್ಲ.

ಕಾಗದ ತಯಾರಕರು ಇದನ್ನು ಕಾಬ್ ಪರೀಕ್ಷೆಯಿಂದ ಅಳೆಯುತ್ತಾರೆ: ಹಾಳೆಯ ಮೇಲೆ ನಿಗದಿತ ಸಮಯ, ಸಾಮಾನ್ಯವಾಗಿ 60 ಸೆಕೆಂಡು, ನೀರು ನಿಲ್ಲಿಸಿ ಎಷ್ಟು ಗ್ರಾಂ ಹೀರಿತು ಎಂದು ತೂಗುವುದು. ಮನೆಯಲ್ಲಿ ಇಷ್ಟು ಮಾಡಿ. ಸಿರಿಂಜಿನಿಂದ ಪ್ರತಿ ಹಾಳೆಯ ಮೇಲೂ ಒಂದೇ ಗಾತ್ರದ ಒಂದು ಹನಿ ನೀರು ಬಿಡಿ. ಹನಿ ಗುಂಡಗೆ ನಿಂತಿದೆಯೋ ತಕ್ಷಣ ಚಪ್ಪಟೆಯಾಯಿತೋ ನೋಡಿ. ಒಂದು ನಿಮಿಷದ ನಂತರ ಒತ್ತುಹಾಳೆಯಿಂದ ಹನಿ ತೆಗೆದು, ಹಾಳೆ ತಿರುವಿ, ಹಿಂಬದಿ ಕಪ್ಪಾಗಿ ತೊಯ್ದಿದೆಯೇ ಪರೀಕ್ಷಿಸಿ. ಒಂದು ನಿಮಿಷದಲ್ಲಿ ಆಚೆ ತೊಯ್ದ ಹಾಳೆಯಲ್ಲಿ ಬಣ್ಣದ ಶಾಯಿ ಚೆನ್ನಾಗಿ ನಿಂತದ್ದನ್ನು ನಾನು ಕಂಡಿಲ್ಲ. ಒಂದು ತೊಟ್ಟು ಶಾಯಿಯನ್ನೂ ಖರ್ಚು ಮಾಡದೆ ಅರ್ಧ ಹಾಳೆಗಳು ಇಲ್ಲೇ ಸೋತು ಹೊರಬೀಳುತ್ತವೆ.

ತೂಕವನ್ನೂ ಒಮ್ಮೆ ಪರೀಕ್ಷಿಸಬಹುದು. 75 ಜಿಎಸ್‌ಎಂನ ಎ4 ಹಾಳೆ ಒಂದಕ್ಕೆ 4.68 ಗ್ರಾಂ, ಹತ್ತು ಹಾಳೆಗೆ ಸುಮಾರು 47 ಗ್ರಾಂ. 70 ಜಿಎಸ್‌ಎಂ ಆದರೆ 44ರ ಆಸುಪಾಸು. ಮಳೆಗಾಲದಲ್ಲಿ ತೂಗಿದರೆ ತೇವದಿಂದಾಗಿ ತುಸು ಹೆಚ್ಚೇ ಬರುತ್ತದೆ.

ಒಂದು ವ್ಯವಹಾರದ ಮಾತು. ಒಂದೇ ಹೆಸರಿನ ನೋಟ್‌ಬುಕ್ ಪ್ರತಿ ವರ್ಷವೂ ಒಂದೇ ಹಾಳೆಯಲ್ಲಿ ಬರುವುದಿಲ್ಲ. ಜೂನ್‌ನಲ್ಲಿ ಶಾಲೆ ತೆರೆಯುವ ಹೊತ್ತಿಗೆ ಅಂಗಡಿಗಳಿಗೆ ಹೊಸ ದಾಸ್ತಾನು ಬಂದಿರುತ್ತದೆ. ಡಜನ್ ಕೊಳ್ಳುವ ಮೊದಲು ಒಂದನ್ನು ಕೊಂಡು, ಪರೀಕ್ಷಿಸಿ, ಒಪ್ಪಿಗೆಯಾದರೆ ಅದೇ ದಿನ ಹೋಗಿ ಅದೇ ಕಟ್ಟಿನಿಂದ ಉಳಿದವನ್ನು ತನ್ನಿ.

## ಹಂತ 2: ಎರಡೂ ಮುಖಕ್ಕೆ ಗುರುತು, ಒಂದು ರಾತ್ರಿಯ ವಿಶ್ರಾಂತಿ

ಕಾಗದ ಯಂತ್ರದ ಜಾಲರಿಯ ಮೇಲೆ ಹಾಳೆ ಕೂರುವಾಗ ಜಾಲರಿ ತಾಗಿದ ಮುಖವೂ ಮೇಲಿನ ಮುಖವೂ ಒಂದೇ ತರಹ ಆಗುವುದಿಲ್ಲ. ಹಾಗಾಗಿ ಪ್ರತಿ ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಿಂದ ಹಾಳೆಯ ಹೆಸರು ಬರೆದು, ಒಂದು ಮುಖಕ್ಕೆ ‘ಅ’, ಇನ್ನೊಂದಕ್ಕೆ ‘ಬ’ ಎಂದು ಹಾಕಿ. ನೋಟ್‌ಬುಕ್ಕಿನಲ್ಲಿ ಬಲಪುಟ ಚೆನ್ನಾಗಿ, ಎಡಪುಟ ಕೆಟ್ಟದಾಗಿ ಬರುವ ಒಗಟಿಗೆ ಬಹಳ ಸಲ ಇದೇ ಉತ್ತರ.

ಆಮೇಲೆ ಹಾಳೆಗಳನ್ನು ನೀವು ಬರೆಯುವ ಕೋಣೆಯಲ್ಲೇ ಒಂದು ರಾತ್ರಿ ಬಿಡಿಬಿಡಿಯಾಗಿ ಹರಡಿಡಿ. ಪ್ಲಾಸ್ಟಿಕ್ ಸುತ್ತಿದ ಕಟ್ಟಿನಿಂದ ಆಗಷ್ಟೇ ತೆಗೆದ ಹಾಳೆಯೂ, ವಾರದಿಂದ ಮೇಜಿನ ಮೇಲಿದ್ದ ಹಾಳೆಯೂ ಒಂದೇ ಫಲಿತಾಂಶ ಕೊಡುವುದಿಲ್ಲ. ಕಾಗದದ ಪ್ರಯೋಗಾಲಯಗಳು 23 ಡಿಗ್ರಿ ಸೆಲ್ಸಿಯಸ್, ಶೇ 50 ಸಾಪೇಕ್ಷ ಆರ್ದ್ರತೆಯಲ್ಲಿ ಹಾಳೆಯನ್ನು ಒಗ್ಗಿಸಿದ ಮೇಲೆಯೇ ಪರೀಕ್ಷೆಗೆ ತೊಡಗುತ್ತವೆ. ನಮ್ಮಲ್ಲಿ ಆಷಾಢದಲ್ಲಿ ಹಾಳೆಯನ್ನು ಅಲುಗಿಸಿದರೆ ಗರಗರ ಶಬ್ದವೇ ಬರುವುದಿಲ್ಲ, ಬಟ್ಟೆಯಂತೆ ಬಾಗುತ್ತದೆ. ನಾರು ಆಗಲೇ ತೇವ ಕುಡಿದು ಉಬ್ಬಿರುವುದರಿಂದ ಶಾಯಿಗೆ ದಾರಿ ಸಲೀಸಾಗುತ್ತದೆ, ಒಣಗುವುದೂ ತಡವಾಗುತ್ತದೆ.

ಇದು ಚಿಕ್ಕಮಗಳೂರು ಜಿಲ್ಲೆಯೊಳಗೇ ಬದಲಾಗುತ್ತದೆ. ಕಡೂರು ಕಡೆಯ ಬಯಲಿನಲ್ಲಿ ಕುಳಿತು ಬರೆಯುವವರಿಗೆ ಒಪ್ಪಿದ ಶಾಯಿ ಕೊಪ್ಪ, ಶೃಂಗೇರಿಯಲ್ಲಿ ಒಪ್ಪದೆ ಹೋಗಬಹುದು. ಇನ್ನೊಬ್ಬರ ಶಿಫಾರಸು ಕೇಳುವಾಗ ಅವರು ಯಾವ ಊರಿನವರು, ಯಾವ ತಿಂಗಳಲ್ಲಿ ಬರೆದದ್ದು ಎಂಬುದನ್ನೂ ಕೇಳಿ.

## ಹಂತ 3: ಪೆನ್ನು ತೊಳೆಯಿರಿ, ತುಂಬಿಸಿ, ಅರ್ಧ ಪುಟ ಗೀಚಿ

ಹಳೆಯ ಶಾಯಿ, ನಿಬ್ಬಿನ ಕೆಳಗೆ ಕೂತು ಅದಕ್ಕೆ ಶಾಯಿ ಹರಿಸುವ ಫೀಡ್‌ನ ಸೀಳುಗಳಲ್ಲಿ ಉಳಿದಿದ್ದರೆ ನೀವು ಪರೀಕ್ಷಿಸುವುದು ಎರಡು ಶಾಯಿಗಳ ಮಿಶ್ರಣವನ್ನು. ಸಿರಿಂಜಿನಿಂದ ತಣ್ಣೀರು ಹಾಯಿಸಿ, ಹೊರಬರುವ ನೀರು ಬಿಳಿ ಬಟ್ಟಲಿನಲ್ಲಿ ತಿಳಿಯಾಗಿ ಕಾಣುವವರೆಗೂ ತೊಳೆಯಿರಿ. ಬಿಸಿನೀರು, ಸ್ಪಿರಿಟ್ ಬೇಡ.

ಗಟ್ಟಿಯಾಗಿ ಅಂಟಿಕೊಂಡ ಬಣ್ಣಕ್ಕೆ ಕೆಲವರು ಪಾತ್ರೆ ತೊಳೆಯುವ ದ್ರವದ ಒಂದು ತೊಟ್ಟನ್ನು ನೀರಿಗೆ ಹಾಕುತ್ತಾರೆ. ಹಾಕಬಹುದು, ಆದರೆ ಆ ಮೇಲೆ ಬರಿಯ ನೀರನ್ನು ಹತ್ತು ಸಲವಾದರೂ ಹಾಯಿಸಬೇಕು. ಸಾಬೂನು ನೀರಿನ ಮೇಲ್ಮೈ ಬಿಗಿತವನ್ನು ಸಡಿಲಿಸುತ್ತದೆ. ಅದರ ಸುಳಿವು ಪೆನ್ನಿನಲ್ಲಿ ಉಳಿದರೂ ಸಾಧುವಾದ ಶಾಯಿ ಕೂಡ ಬೇರು ಬಿಡತೊಡಗುತ್ತದೆ. ‘ತೊಳೆದ ಮೇಲೆ ಶಾಯಿ ಕೆಟ್ಟುಹೋಯಿತು’ ಎನ್ನುವವರ ಪೆನ್ನನ್ನು ನಾನು ಮೊದಲು ಇದಕ್ಕಾಗಿಯೇ ನೋಡುತ್ತೇನೆ.

ತೊಳೆದ ಪೆನ್ನನ್ನು ನಿಬ್ಬು ಕೆಳಗಾಗಿ ಹತ್ತಿ ಬಟ್ಟೆಯಲ್ಲಿ ಸುತ್ತಿ ಲೋಟದಲ್ಲಿ ನಿಲ್ಲಿಸಿ. ಬೇಸಿಗೆಯಲ್ಲಿ ಒಂದು ರಾತ್ರಿ ಸಾಕು, ಮಳೆಗಾಲದಲ್ಲಿ ಎರಡು ದಿನ ಕೊಡಿ. ಒಳಗೆ ನೀರು ಉಳಿದರೆ ಬಣ್ಣ ತೆಳುವಾಗಿ ಬಂದು ನಿಮ್ಮ ಲೆಕ್ಕ ತಪ್ಪುತ್ತದೆ.

ಶಾಯಿಯನ್ನು ಸೀಸೆಯಿಂದ ಸಣ್ಣ ಬಟ್ಟಲಿಗೆ ಸಿರಿಂಜಿನಿಂದ ತೆಗೆದು, ಅಲ್ಲಿಂದ ತುಂಬಿಸಿ. ಬಳಸಿದ ಪೆನ್ನನ್ನು ಸೀಸೆಯೊಳಗೇ ಅದ್ದುವ ಅಭ್ಯಾಸ ಮಲೆನಾಡಿನ ಥಂಡಿಯಲ್ಲಿ ಬೂಷ್ಟಿಗೆ ಆಹ್ವಾನ. ತುಂಬಿಸಿದೊಡನೆ ಪರೀಕ್ಷೆ ಬೇಡ. ಆಗ ನಿಬ್ಬು ಮತ್ತು ಫೀಡ್ ತೊಯ್ದು ತೊಟ್ಟಿಕ್ಕುವ ಸ್ಥಿತಿಯಲ್ಲಿರುತ್ತವೆ. ರದ್ದಿ ಹಾಳೆಯಲ್ಲಿ ಅರ್ಧ ಪುಟ ಏನಾದರೂ ಬರೆದು ಹರಿವು ಹದಕ್ಕೆ ಬಂದ ಮೇಲೆ ಮುಂದಿನ ಹಂತಕ್ಕೆ ಹೋಗಿ.

## ಹಂತ 4: ಕನ್ನಡದ ವಾಕ್ಯವನ್ನೇ ಬರೆಯಿರಿ

ಈ ಹಂತದಲ್ಲಿ ಅವಸರ ಬೇಡ. ಹೆಚ್ಚಿನವರು ಪರೀಕ್ಷೆಗೆ ಕೂತಾಗ ತಮ್ಮ ಸಹಿ ಹಾಕುತ್ತಾರೆ, ಅಲೆ ಗೆರೆ ಎಳೆಯುತ್ತಾರೆ, ಇಲ್ಲವೇ ಇಂಗ್ಲಿಷಿನಲ್ಲಿ ಒಂದು ಸಾಲು ಬರೆಯುತ್ತಾರೆ. ಇಂಗ್ಲಿಷ್ ಅಕ್ಷರ ಬಿಚ್ಚು ಬಿಚ್ಚಾಗಿರುತ್ತದೆ, ಸ್ವಲ್ಪ ಹರಡಿದರೂ ಓದಲು ಬರುತ್ತದೆ. ನಮ್ಮ ಲಿಪಿಯ ಮುಚ್ಚಿದ ಸುತ್ತುಗಳು, ಹೊಟ್ಟೆಸೀಳುಗಳು, ಕೆಳಗಿನ ಒತ್ತುಗಳು ಅಷ್ಟು ಉದಾರವಾಗಿಲ್ಲ. ದ ಮತ್ತು ಧ ನಡುವೆ ಇರುವುದು ಒಂದು ಸಣ್ಣ ಸೀಳು. ಪ–ಫ, ಬ–ಭ, ಡ–ಢ ಎಲ್ಲಕ್ಕೂ ಹಾಗೆಯೇ. ಥ ಮತ್ತು ಧ ನಡುವೆ ಒಂದು ಚುಕ್ಕೆ.

ನಾನು ಪ್ರತಿ ಹಾಳೆಯಲ್ಲೂ ಬರೆಯುವ ಸಾಲು ಇದು:

ಹಳೆಯ ಮಠದ ರಥಕ್ಕೆ ಧೂಪ, ಫಲ, ಭಕ್ತರು ತಂದ ವಸ್ತ್ರ. 3 6 8 9 0

ಇದರಲ್ಲಿ ಠ, ಥ, ಧ, ಫ, ಭ ಇವೆ, ಒಂಟಿ ಒತ್ತಿದೆ, ‘ಸ್ತ್ರ’ದಲ್ಲಿ ಜೋಡಿ ಒತ್ತಿದೆ, ಲೆಕ್ಕ ಬರೆಯುವವರಿಗಾಗಿ ಸುತ್ತಿನ ಅಂಕಿಗಳಿವೆ. ಎರಡು ಸಲ ಬರೆಯಿರಿ. ಒಮ್ಮೆ ನಿಧಾನವಾಗಿ, ಒಮ್ಮೆ ನಿಮ್ಮ ಎಂದಿನ ವೇಗದಲ್ಲಿ. ನಿಧಾನವಾದಾಗ ನಿಬ್ಬು ಹೆಚ್ಚು ಶಾಯಿ ಬಿಡುತ್ತದೆ. ಎರಡೂ ಸಾಲುಗಳ ಅಂತರವೇ ಒಂದು ಮಾಹಿತಿ. ಅಂಗೈ ಕೆಳಗೆ ಬೇರೊಂದು ಹಾಳೆ ಇಟ್ಟುಕೊಳ್ಳುವುದನ್ನು ಮರೆಯಬೇಡಿ. ಕೈಯ ಜಿಡ್ಡು, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ತಾಗಿದ ಕಡೆ ಶಾಯಿ ಹಿಡಿಯುವುದಿಲ್ಲ, ಗೆರೆ ತುಂಡಾಗುತ್ತದೆ. ಅದನ್ನು ಶಾಯಿಯ ದೋಷವೆಂದು ಬರೆದಿಟ್ಟುಕೊಂಡವರು ಎಷ್ಟೋ ಮಂದಿ.

ಈಗ ಭೂತಗನ್ನಡಿ ಹಿಡಿದು ‘ಮಠದ’ ಎಂಬಲ್ಲಿನ ಠ ನೋಡಿ. ಗಂಜಿ ಚೆನ್ನಾಗಿರುವ ಹಾಳೆಯಲ್ಲಿ ವೃತ್ತದ ಒಳಗೋಡೆ ನುಣುಪಾಗಿರುತ್ತದೆ, ನಡುವಿನ ಚುಕ್ಕೆ ಬಾವಿಯ ತಳದಲ್ಲಿ ಕಾಣುವ ಆಕಾಶದಂತೆ ತನ್ನ ಪಾಡಿಗೆ ತಾನಿರುತ್ತದೆ, ಸುತ್ತ ಬಿಳುಪು ಉಳಿದಿರುತ್ತದೆ. ಹೀರುವ ಹಾಳೆಯಲ್ಲಿ ಮೊದಲು ಒಳಗೋಡೆಯಿಂದ ಎರಡು ಮೂರು ಎಳೆಗಳು ಚುಕ್ಕೆಯ ಕಡೆಗೆ ಹೊರಡುತ್ತವೆ. ಚುಕ್ಕೆಯಿಂದಲೂ ಹೊರಡುತ್ತವೆ. ಅವು ಮುಟ್ಟಿಕೊಂಡ ಕ್ಷಣ ನಡುವಿನ ಬಿಳುಪು ಮುಚ್ಚಿ ಅಕ್ಷರ ಉಂಡೆಯಾಗುತ್ತದೆ. ಇದು ಕೆಲವೇ ಸೆಕೆಂಡಿನಲ್ಲಿ ಮುಗಿಯುವ ಆಟ, ಬರೆಯುತ್ತಿರುವಾಗಲೇ ಗಮನಿಸಬೇಕು. ಆಮೇಲೆ ‘ವಸ್ತ್ರ’ದ ಒತ್ತುಗಳನ್ನು ನೋಡಿ: ತ ಒತ್ತು, ರ ಒತ್ತು ಬೇರೆಬೇರೆಯಾಗಿ ಕಾಣುತ್ತಿವೆಯೇ? ಭ ದ ಸೀಳು ಉಳಿದಿದೆಯೇ? ಕನ್ನಡ ಬರೆಯಲು ಈ ಜೋಡಿ ಆಗುತ್ತದೋ ಇಲ್ಲವೋ ಎಂಬ ತೀರ್ಪು ನನಗೆ ಈ ಮೂರು ಕಡೆಗಳಲ್ಲೇ ಸಿಗುತ್ತದೆ.

ತಲೆಕಟ್ಟಿನ ಕೊನೆಯನ್ನೂ ನೋಡಿ. ಅಲ್ಲಿ ನಿಬ್ಬು ಕ್ಷಣ ನಿಂತು ಮೇಲೇಳುವುದರಿಂದ ಶಾಯಿ ಕೆರೆಕಟ್ಟುತ್ತದೆ. ಒಳ್ಳೆಯ ಹಾಳೆಯಲ್ಲಿ ಅಕ್ಷರದ ಒಡಲು ತಿಳಿಯಾಗಿ, ಕೊನೆ ಗಾಢವಾಗಿ, ಒಂದೇ ಶಾಯಿಯಲ್ಲಿ ಎರಡು ಛಾಯೆ ಮೂಡುತ್ತದೆ. ಹೀರುವ ಹಾಳೆಯಲ್ಲಿ ಎಲ್ಲವೂ ಒಂದೇ ಸಮ ಮಂಕು.

ಎಚ್ಚರಿಕೆ: ಹಾಳೆಯ ನಾರು ನಿಬ್ಬಿನ ಸೀಳಿಗೆ ಸಿಕ್ಕಿದರೆ ಗೆರೆ ಒಮ್ಮೆಲೇ ದಪ್ಪವಾಗಿ, ಅಂಚು ಒರಟಾಗುತ್ತದೆ. ಸಾಲಿನ ನಡುವೆ ದಿಢೀರನೆ ಹೀಗಾದರೆ ಬರೆಯುವುದನ್ನು ನಿಲ್ಲಿಸಿ, ನಿಬ್ಬನ್ನು ಬೆಳಕಿಗೆ ಹಿಡಿದು ನೋಡಿ, ಒದ್ದೆ ಬಟ್ಟೆಯಿಂದ ತೆಗೆದು, ಆ ಸಾಲನ್ನು ಹೊಸದಾಗಿ ಬರೆಯಿರಿ.

## ಹಂತ 5: ಒಣಗುವ ಹೊತ್ತು

ಹಾಳೆಯ ಕೆಳಭಾಗದಲ್ಲಿ ಒಂದು ಅಡ್ಡಗೆರೆ ಎಳೆಯಿರಿ. ಐದು ಸೆಕೆಂಡಿಗೆ ಪಕ್ಕದಲ್ಲಿ ಇನ್ನೊಂದು, ಮತ್ತೈದು ಸೆಕೆಂಡಿಗೆ ಮತ್ತೊಂದು, ಹೀಗೆ ಏಳು ಗೆರೆ. ಏಳನೆಯದನ್ನು ಎಳೆದ ಕೂಡಲೇ ಒಣ ಬೆರಳಿನಿಂದ ಎಲ್ಲದರ ಮೇಲೂ ಒಂದೇ ಸಲ ಸವರಿ. ಮೊದಲ ಗೆರೆಗೆ ಆಗ 30 ಸೆಕೆಂಡು ವಯಸ್ಸು, ಕೊನೆಯದಕ್ಕೆ ಸೊನ್ನೆ. ಬಾಲ ಎಳೆಯದ ಗೆರೆಗಳಲ್ಲಿ ಎಲ್ಲಕ್ಕಿಂತ ಆಮೇಲೆ ಎಳೆದದ್ದರ ವಯಸ್ಸೇ ಒಣಗುವ ಹೊತ್ತು.

ಇಲ್ಲೊಂದು ಕೊಡುಕೊಳ್ಳುವಿಕೆ ಇದೆ. ಬೇರು ಬಿಡದ ಹಾಳೆಯಲ್ಲಿ ಶಾಯಿ ಮೇಲೆಯೇ ನಿಲ್ಲುವುದರಿಂದ ಒಣಗಲು ತಡ. ಬೇಗ ಒಣಗುವ ಹಾಳೆ ಬಹುಪಾಲು ಹೀರುವ ಹಾಳೆ. ಹಾಜರಿ ಪುಸ್ತಕವನ್ನು ಬರೆದ ತಕ್ಷಣ ಮುಚ್ಚಬೇಕಾದವರಿಗೆ, ಎಡಗೈಯಲ್ಲಿ ಬರೆಯುವವರಿಗೆ 10 ಸೆಕೆಂಡಿನೊಳಗೆ ಒಣಗುವುದು ಮುಖ್ಯ. ಪತ್ರ ಬರೆಯುವವರು ಅರ್ಧ ನಿಮಿಷ ಕಾಯಬಲ್ಲರು.

ನೀಲಿಯ ಮೇಲೆ ಕೆಂಪು ಮಿನುಗು ಬರುವ ದಟ್ಟ ಶಾಯಿಗಳ ವಿಷಯದಲ್ಲಿ ಬೆರಳಿನ ಪರೀಕ್ಷೆಯನ್ನು ಮರುದಿನವೂ ಮಾಡಿ. ಆ ಮಿನುಗು ಹಾಳೆಯ ಮೇಲೆ ಪದರವಾಗಿ ಕುಳಿತ ಬಣ್ಣದ್ದು. ತೇವದ ಬೆರಳು ತಾಗಿದರೆ ದಿನಗಳ ನಂತರವೂ ಕದಡುತ್ತದೆ.

## ಹಂತ 6: ಹಾಳೆ ತಿರುವಿ

ಹತ್ತು ನಿಮಿಷ ಬಿಟ್ಟು ಹಿಂಬದಿ ನೋಡಿ. ಹಾಳೆಯನ್ನು ಬಿಳಿಯ ಮೇಜಿನ ಮೇಲೆ ಇಟ್ಟೇ ನೋಡಬೇಕು. ಕಿಟಕಿಗೆ ಹಿಡಿದರೆ ಎಲ್ಲ ಹಾಳೆಯಲ್ಲೂ ನೆರಳು ಕಾಣುತ್ತದೆ. ನೆರಳೋ ಇಳಿತವೋ ಎಂಬ ಅನುಮಾನ ಬಂದರೆ ಒದ್ದೆ ಬೆರಳನ್ನು ಹಿಂಬದಿಗೆ ಒತ್ತಿ ತೆಗೆಯಿರಿ. ಬೆರಳಿಗೆ ಬಣ್ಣ ಬಂದರೆ ಇಳಿತ. ಸಾಮಾನ್ಯವಾಗಿ ಇಳಿತ ಮೊದಲು ಕಾಣುವುದು ಒತ್ತಕ್ಷರಗಳ ಕೆಳಗೆ ಮತ್ತು ಪೂರ್ಣವಿರಾಮದ ಕೆಳಗೆ.

## ಹಂತ 7: ಬಣ್ಣದ ತೀರ್ಮಾನ ಮರುದಿನ, ಹಗಲು ಬೆಳಕಿನಲ್ಲಿ

ಒದ್ದೆ ಶಾಯಿಯ ಬಣ್ಣ ನೋಡಿ ಮಾತಾಡಬೇಡಿ. ಒಣಗಿದ ಮೇಲೆ ಅದು ಬದಲಾಗುತ್ತದೆ. ಕಬ್ಬಿಣದ ಉಪ್ಪು ಸೇರಿದ ಐರನ್ ಗಾಲ್ ಶಾಯಿಯಂತೂ ಗಾಳಿಯ ಆಮ್ಲಜನಕದೊಡನೆ ಕೂಡಿ ಹೊತ್ತು ಕಳೆದಂತೆ ಕಪ್ಪಾಗುತ್ತಾ ಹೋಗುತ್ತದೆ. ಹಳದಿ ಎಲ್‌ಇಡಿ ದೀಪದ ಕೆಳಗೂ ಬೇಡ. ಬೆಳಿಗ್ಗೆ ಹತ್ತರ ಸುಮಾರಿಗೆ, ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ಎಲ್ಲ ಹಾಳೆಗಳನ್ನೂ ಸಾಲಾಗಿ ಇಡಿ. ಮೋಡ ಕವಿದ ದಿನ ಇನ್ನೂ ಒಳ್ಳೆಯದು, ಬೆಳಕು ಸಮವಾಗಿರುತ್ತದೆ.

ನವಿಲು ನೀಲಿ ಪಾಚಿಯಾದ ಕಾರಣ ಈಗ ಕಾಣುತ್ತದೆ. ಕೆನೆಬಣ್ಣದ ಹಾಳೆ ತನ್ನ ಹಳದಿಯನ್ನು ನೀಲಿಗೆ ಕೂಡಿಸಿ ಹಸಿರಿನತ್ತ ಎಳೆಯುತ್ತದೆ. ಜೆರಾಕ್ಸ್ ಹಾಳೆಯಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇರುವುದರಿಂದ ಹಗಲಿನಲ್ಲಿ ಹಾಳೆಯೇ ತುಸು ನೀಲಿಯಾಗಿ ಹೊಳೆಯುತ್ತದೆ, ಶಾಯಿಯ ಬಣ್ಣವೂ ತಂಪಾಗಿ ಕಾಣುತ್ತದೆ. ಹೀರುವ ಹಾಳೆಯಲ್ಲಿ ಬಣ್ಣ ನಾರಿನೊಳಗೆ ಹೂತುಹೋಗಿ ಕಾಂತಿ ಕಳೆದುಕೊಳ್ಳುತ್ತದೆ, ಮಿನುಗು ಪೂರ್ತಿ ಮಾಯವಾಗುತ್ತದೆ. ಮಿನುಗಿಗಾಗಿಯೇ ದುಬಾರಿ ಶಾಯಿ ಕೊಂಡು ಶಾಲಾ ನೋಟ್‌ಬುಕ್ಕಿನಲ್ಲಿ ಬರೆಯುವುದು ಹಣ ಕಳೆದುಕೊಳ್ಳುವ ದಾರಿ. ನನಗೆ ಇದನ್ನು ಹೇಳಲು ಬೇಸರವಾಗುತ್ತದೆ, ಆದರೆ ಹೇಳಲೇಬೇಕು.

ಒಂದೇ ಶಾಯಿಯಲ್ಲಿ ಹಲವು ಬಣ್ಣಗಳು ಬೆರೆತಿರಬಹುದು. ಅವನ್ನು ಬಿಡಿಸಿ ನೋಡಲು ಒತ್ತುಹಾಳೆಯ ಉದ್ದನೆಯ ಪಟ್ಟಿಯೊಂದರ ತುದಿಯಿಂದ ಎರಡು ಸೆಂಟಿಮೀಟರ್ ಮೇಲೆ ಶಾಯಿಯ ಚುಕ್ಕೆ ಇಟ್ಟು, ಒಣಗಿಸಿ, ತುದಿಯನ್ನು ಮಾತ್ರ ನೀರಿಗೆ ತಾಗಿಸಿ. ಚುಕ್ಕೆ ನೀರಿನಲ್ಲಿ ಮುಳುಗಬಾರದು. ನೀರು ಮೇಲೇರುತ್ತಾ ಬಣ್ಣಗಳನ್ನು ಒಂದೊಂದು ಎತ್ತರಕ್ಕೆ ಒಯ್ಯುತ್ತದೆ. ಹಸಿರು ಶಾಯಿಯಿಂದ ಹಳದಿ ಒಂದು ಕಡೆ, ನೀಲಿ ಒಂದು ಕಡೆ ನಿಂತದ್ದು ಕಂಡರೆ, ಹೀರುವ ಹಾಳೆಯಲ್ಲಿ ಅಕ್ಷರದ ಅಂಚಿಗೆ ಬೇರೆಯೇ ಬಣ್ಣದ ಪ್ರಭೆ ಯಾಕೆ ಬಂತು ಎಂಬುದು ತಿಳಿಯುತ್ತದೆ.

## ಹಂತ 8: ನೀರು ಮತ್ತು ಬಿಸಿಲು

ಬರೆದು 24 ಗಂಟೆ ಕಳೆದ ಮೇಲೆ ಒಂದು ಪದದ ಮೇಲೆ ನೀರಿನ ಹನಿ ಬಿಡಿ. ಒಂದು ನಿಮಿಷಕ್ಕೆ ಒತ್ತುಹಾಳೆಯಿಂದ ತೆಗೆಯಿರಿ. ಪದ ಓದಲು ಬರುತ್ತದೆಯೇ ಎಂಬುದೊಂದೇ ಪ್ರಶ್ನೆ. ಅಂಚೆ ಕಾರ್ಡಿನ ವಿಳಾಸ, ಹಾಜರಿ ಪುಸ್ತಕ, ಸಹಿ ಇವಕ್ಕೆ ಈ ಪರೀಕ್ಷೆಯಲ್ಲಿ ಉಳಿದ ಶಾಯಿ ಮಾತ್ರ ಬಳಸಿ. ಸಾಮಾನ್ಯವಾಗಿ ಉಳಿಯುವವು ನೀರಿನಲ್ಲಿ ಕರಗದ ಬಣ್ಣದ ನುಣ್ಣನೆಯ ಪುಡಿಯಿರುವ ಪಿಗ್ಮೆಂಟ್ ಶಾಯಿ ಮತ್ತು ಐರನ್ ಗಾಲ್. ಅವೆರಡೂ ಹೀರುವ ಹಾಳೆಯಲ್ಲೂ ಕಡಿಮೆ ಬೇರು ಬಿಡುತ್ತವೆ. ಆದರೆ ಪೆನ್ನಿನಲ್ಲಿ ಒಣಗಲು ಬಿಟ್ಟರೆ ತೆಗೆಯುವುದು ಕಷ್ಟ, ತಿಂಗಳಿಗೊಮ್ಮೆಯಾದರೂ ತೊಳೆಯಬೇಕು.

ಬಿಸಿಲಿಗೆ, ಬರೆದ ಪಟ್ಟಿಯ ಅರ್ಧಕ್ಕೆ ರಟ್ಟು ಮುಚ್ಚಿ ದಕ್ಷಿಣದ ಕಿಟಕಿಯಲ್ಲಿ ಒಂದು ತಿಂಗಳು ಅಂಟಿಸಿ. ನನ್ನ ಕಿಟಕಿಯಲ್ಲಿ ಮೊದಲು ಮಾಸಿದವು ಗುಲಾಬಿ ಮತ್ತು ನೇರಳೆ.

ಚೆಕ್ ಬರೆಯುವವರಿಗೆ ಒಂದು ಮಾತು: ಈಗ ಬ್ಯಾಂಕುಗಳ ನಡುವೆ ಸಾಗುವುದು ಚೆಕ್ಕಿನ ಸ್ಕ್ಯಾನ್ ಮಾಡಿದ ಚಿತ್ರ. ತಿಳಿ ಬಣ್ಣ ಅದರಲ್ಲಿ ಮಸುಕಾಗುತ್ತದೆ. ಗಾಢ ನೀಲಿ, ಕಪ್ಪು ಬಿಟ್ಟು ಬೇರೆ ಬೇಡ.

## ಫಲಿತಾಂಶ ನೋಡಿ ಏನನ್ನು ಬದಲಿಸಬೇಕು

ಎಲ್ಲ ಹಾಳೆಗಳಲ್ಲೂ, ಅಳತೆಗೋಲಿನ ಹಾಳೆಯಲ್ಲೂ ಬೇರು ಬಂದಿದ್ದರೆ ಮೊದಲು ಪೆನ್ನನ್ನು ಇನ್ನೊಮ್ಮೆ ತೊಳೆದು ಸಾಬೂನು ಉಳಿದಿಲ್ಲವೆಂದು ಖಚಿತ ಮಾಡಿಕೊಳ್ಳಿ. ಆಮೇಲೂ ಹಾಗೆಯೇ ಆದರೆ ಶಾಯಿ ಬದಲಿಸಿ. ಒಂದೆರಡು ಹಾಳೆಯಲ್ಲಿ ಮಾತ್ರ ಬಂದರೆ ಆ ಹಾಳೆಯನ್ನು ಬಿಡಿ. ಹಾಳೆ ಬಿಡಲು ಸಾಧ್ಯವಿಲ್ಲದಿದ್ದರೆ, ತೋಟದ ಪುಸ್ತಕವನ್ನೋ ಕಚೇರಿಯ ರಿಜಿಸ್ಟರನ್ನೋ ಬದಲಿಸುವುದು ನಮ್ಮ ಕೈಯಲ್ಲಿಲ್ಲವಲ್ಲ, ಆಗ ನಿಬ್ಬನ್ನು ಸಣ್ಣದು ಮಾಡಿ. ಮೀಡಿಯಂ ನಿಬ್ಬಿನಿಂದ ಫೈನ್ ನಿಬ್ಬಿಗೆ ಇಳಿದರೆ ಹಾಳೆಗೆ ಬೀಳುವ ಶಾಯಿ ಕಡಿಮೆಯಾಗಿ ಠ ದ ಹೊಟ್ಟೆ ತೆರೆದುಕೊಳ್ಳುತ್ತದೆ. ಮೂಡಿಗೆರೆಯ ಆ ರೈಟರಿಗೆ ಒಪ್ಪಿದ ಪರಿಹಾರ ಇದೇ, ಜೊತೆಗೆ ಪುಸ್ತಕವನ್ನು ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಮುಚ್ಚಳ ಬಿಗಿಯಾದ ಸ್ಟೀಲ್ ಪೆಟ್ಟಿಗೆಯಲ್ಲಿ ಇಡುವುದು. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ತೇವ ಹೋದರೂ ಮಸಿ ಹಿಡಿಯುತ್ತದೆ.

ಎರಡನ್ನು ಒಟ್ಟಿಗೆ ಬದಲಿಸಬೇಡಿ. ನಿಬ್ಬು ಬದಲಿಸಿದ ದಿನ ಹಾಳೆ ಅದೇ ಇರಲಿ.

## ಇವು ಕಂಡರೆ ಅಲ್ಲಿಗೇ ನಿಲ್ಲಿಸಿ

ಸೀಸೆಯ ಬಾಯಲ್ಲಿ ತೆಳು ಪೊರೆ, ಶಾಯಿಯಲ್ಲಿ ತೇಲುವ ಬಿಳಿ ಎಳೆಗಳು, ಕೊಳೆತ ವಾಸನೆ ಇದ್ದರೆ ಬೂಷ್ಟು ಬಂದಿದೆ. ಸೋಸಿ ಬಳಸುವ ಯೋಚನೆ ಬೇಡ, ಚೆಲ್ಲಿಬಿಡಿ. ಅದು ಪೆನ್ನಿಗೆ ಹೋದರೆ ಪೆನ್ನಿನಿಂದ ಬೇರೆ ಸೀಸೆಗೂ ದಾಟುತ್ತದೆ.

ಎರಡು ತಯಾರಕರ ಶಾಯಿ ಬೆರೆಸಿ ನಿಮ್ಮದೇ ಬಣ್ಣ ಮಾಡಬೇಕೆನಿಸಿದರೆ ಮೊದಲು ಸಣ್ಣ ಗಾಜಿನ ಸೀಸೆಯಲ್ಲಿ ಬೆರೆಸಿ ಒಂದು ವಾರ ಇಡಿ. ತಳದಲ್ಲಿ ಗಸಿ ಕೂತರೆ ಅದು ಪೆನ್ನಿಗೆ ಹೋಗಬಾರದು.

ಚಿತ್ರಕಲೆಯ ಇಂಡಿಯನ್ ಇಂಕ್, ಸೀಲ್ ಪ್ಯಾಡ್ ಶಾಯಿ, ಪ್ರಿಂಟರ್ ಶಾಯಿ ಇವನ್ನು ಇಂಕ್ ಪೆನ್ನಿಗೆ ಎಂದೂ ಹಾಕಬೇಡಿ. ಮೊದಲನೆಯದರಲ್ಲಿ ಅರಗಿನಂಥ ಅಂಟು ಪದಾರ್ಥ ಇರುತ್ತದೆ. ಫೀಡ್‌ನಲ್ಲಿ ಒಣಗಿದರೆ ಪೆನ್ನು ಮುಗಿದಂತೆ.

ಹಲವು ದಿನ ಮುಚ್ಚಿಟ್ಟ ಪೆನ್ನಿನಿಂದ ಬಣ್ಣ ಎಂದಿಗಿಂತ ಗಾಢವಾಗಿ ಬಂದರೆ ನೀರು ಆವಿಯಾಗಿ ಶಾಯಿ ಮಂದವಾಗಿದೆ ಎಂದರ್ಥ. ಆ ಪೆನ್ನಿನಲ್ಲಿ ಪರೀಕ್ಷೆ ಮಾಡಬೇಡಿ.

## ದಾಖಲೆಯ ಚೀಟಿ

ಪ್ರತಿ ಶಾಯಿಗೂ ಅಂಚೆ ಕಾರ್ಡಿನ ಗಾತ್ರದ ರಟ್ಟು ಕತ್ತರಿಸಿ. ಪ್ರತಿ ಹಾಳೆಯಿಂದ ‘ಮಠದ ರಥಕ್ಕೆ’ ಎಂಬಷ್ಟು ತುಂಡನ್ನು ಕತ್ತರಿಸಿ ಅದಕ್ಕೆ ಅಂಟಿಸಿ. ಅಂಟು ತುಂಡಿನ ಮೂಲೆಗೆ ಮಾತ್ರ ಇರಲಿ, ಹಿಂಬದಿಯನ್ನು ಎತ್ತಿ ನೋಡಲು ಬರಬೇಕು. ಪಕ್ಕದಲ್ಲಿ ಪೆನ್ಸಿಲಿನಿಂದ ಹಾಳೆಯ ಹೆಸರು ಮತ್ತು ಮುಖ, ನಿಬ್ಬಿನ ಅಳತೆ, ಒಣಗಿದ ಸೆಕೆಂಡು, ನೀರಿನ ಫಲಿತಾಂಶ, ಊರು, ತಾರೀಖು ಬರೆಯಿರಿ. ಪ್ರತಿ ಹಾಳೆಯ ಬರೆಯದ ತುಂಡೊಂದನ್ನೂ ಲಕೋಟೆಯಲ್ಲಿ ಹಾಕಿಡಿ.

ಜೂನ್‌ನಲ್ಲಿ ಮಳೆ ಹಿಡಿದು ಹತ್ತು ದಿನವಾದ ಮೇಲೆ ಆ ಲಕೋಟೆ ತೆರೆಯಿರಿ. ಉಳಿಸಿಟ್ಟ ತುಂಡುಗಳನ್ನು ಒಂದು ರಾತ್ರಿ ಹೊರಗಿಟ್ಟು, ಅದೇ ಪೆನ್ನಿನಿಂದ ಅದೇ ಸಾಲು ಬರೆದು, ಹಳೆಯ ತುಂಡಿನ ಕೆಳಗೆ ಹೊಸದನ್ನು ಅಂಟಿಸಿ ತಾರೀಖು ಹಾಕಿ.